ಕೋಣೆಯಲ್ಲಿ ಇನ್ನೊಬ್ಬರು

ಪರೀಕ್ಷೆ ಮುಗಿಯುವವರೆಗೆ ಕೋಣೆಯಲ್ಲಿ ಒಬ್ಬರೇ ಇರಬೇಕು ಎಂದು ಫೋನು ಹೇಳಿದ್ದೇ ತೊಂದರೆಗೆ ಮೂಲ. ಗಂಗಲಕ್ಷ್ಮಿಯ ಮನೆಯಲ್ಲಿ ಯಾರೂ ಬಾರದ ಜಾಗವೆಂದರೆ ಕೊಬ್ಬರಿ ಕೋಣೆ. ನಿನ್ನೆಯಷ್ಟೇ ಕೊಬ್ಬರಿ ಸುಲಿಸಿದ್ದರಿಂದ ಕರಟ ಗುಡ್ಡೆ ಬಿದ್ದಿತ್ತು. ಅದಕ್ಕೆ ಬೆನ್ನು ಮಾಡಿ ಕುಳಿತು ಚಿಲಕ ಹಾಕಿಕೊಂಡಳು.

ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ಅವಳು. ಹಾಲು ಪರೀಕ್ಷಿಸುವುದನ್ನು ಕಲಿಸುವ ಕೋರ್ಸು ಫೋನಿನಲ್ಲೇ, ಕನ್ನಡದಲ್ಲೇ, ಪುಕ್ಕಟೆ ಸಿಕ್ಕಿತ್ತು. ಮಾರ್ಕ್ಸ್ ಕಾರ್ಡ್ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಸಂಜೆಯೊಳಗೆ ಸರ್ಟಿಫಿಕೇಟ್ ತೋರಿಸಿದರೆ ಊರ ಡೈರಿಯಲ್ಲಿ ಹಾಲು ಟೆಸ್ಟ್ ಮಾಡುವ ಕೆಲಸ ನಿನಗೇ ಎಂದು ಸೆಕ್ರೆಟರಿ ಗಿರಿಜಾಂಬಿಕಾ ಹೇಳಿದ್ದರು. ಪರೀಕ್ಷೆಗೆ ಇದ್ದದ್ದು ಒಂದೇ ಅವಕಾಶ; ಮುಗಿಯುವವರೆಗೂ ಫೋನಿನ ಕ್ಯಾಮೆರಾ ಕಾವಲಿರುತ್ತಿತ್ತು.

ಅರ್ಧ ಮುಗಿದಿರಬಹುದು. ಫೋನು ಜಾತ್ರೆ ಮೈಕಿನಂತೆ ಕೂಗಿತು: “ಕೋಣೆಯಲ್ಲಿ ಇನ್ನೊಬ್ಬರಿದ್ದಾರೆ!”

ಗಂಗಲಕ್ಷ್ಮಿ ಬೆಚ್ಚಿ ತಿರುಗಿದಳು. ಗುಡ್ಡೆಯ ಮೇಲಿದ್ದ ಒಂದು ಕರಟ ಮೂರು ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿತ್ತು.

ಪಕ್ಕದ ಮನೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಕೆಂಪಕ್ಕನ ಕೈ ನಿಂತಿತು.

“ಲೇ ಹೊಂಬಾಳೀ, ಗಂಗಿ ರೂಮಲ್ಲಿ ಯಾರೋ ಅವ್ರಂತೆ ಕಣೇ!”

“ಯಾರಂದ್ರು?” ಎಂದಳು ಎದುರು ಮನೆ ಹೊಂಬಾಳಮ್ಮ.

“ಅವ್ಳ ಫೋನೇ ಹೇಳ್ತು!”

ಕೆಂಪಕ್ಕ ಬಾಗಿಲು ದಡದಡ ಬಡಿದಳು. “ತೆಗಿಯೇ ಗಂಗಿ! ಯಾರೇ ಅವ್ನು?”

“ಕರಟ ಕಣ್ ದೊಡ್ಡಮ್ಮ!”

“ಹೆಸ್ರು ಬ್ಯಾಡ ಬುಡು, ಯಾವೂರೋನು ಅದ್ ಹೇಳು!”

ಗಂಗಲಕ್ಷ್ಮಿ ಆ ಕರಟವನ್ನು ಬೋರಲು ಹಾಕಿದಳು. ಗುಡ್ಡೆ ಜಾರಿ ಇನ್ನೆರಡು ಕರಟ ಕಣ್ಣು ಬಿಟ್ಟವು. “ಕೋಣೆಯಲ್ಲಿ ಇನ್ನಿಬ್ಬರಿದ್ದಾರೆ!”

“ಇಬ್ರಂತೆ ಕಣೇ!” ಎಂದು ಹೊಂಬಾಳಮ್ಮ ಎದೆ ಹಿಡಿದುಕೊಂಡಳು.

ಗಂಗಲಕ್ಷ್ಮಿ ಗುಡ್ಡೆಯ ಮೇಲೆ ಗೋಣಿತಾಟು ಎಳೆದಳು. ಫೋನು ಸುಮ್ಮನಾಯಿತು. ಬೆವರುತ್ತಲೇ ಕೊನೆಯ ಉತ್ತರವನ್ನೂ ಒತ್ತಿದಳು. ಇನ್ನು ಹಸಿರು ಗುಂಡಿ ಒತ್ತಿದರೆ ಮುಗಿಯಿತು, ಅಷ್ಟರಲ್ಲಿ ಚಿಲಕ ಕಿತ್ತುಬಂತು.

ಕೆಂಪಕ್ಕ ಟಗರಿನಂತೆ ನುಗ್ಗಿದಳು. ಗೋಣಿತಾಟು ಎತ್ತಿ ನೋಡಿದಳು, ಬಾಗಿಲ ಹಿಂದೆ ನೋಡಿದಳು, ಕೊನೆಗೆ ಫೋನು ಕಿತ್ತುಕೊಂಡು ಅದರೊಳಗೇ ಇಣುಕಿದಳು.

“ಇಲ್ಲೊಬ್ಳವ್ಳಲ್ಲೇ! ಯಾರೇ ಈ ಮುದ್ಕಿ?” ಎಂದು ಬೆರಳಿನಿಂದ ತಿವಿದಳು. ತಿವಿದದ್ದು ಹಸಿರು ಗುಂಡಿಗೆ.

“ನಿಮ್ಮ ಉತ್ತರಗಳು ತಲುಪಿವೆ. ಸರ್ಟಿಫಿಕೇಟಿಗೆ ಫೋಟೋ ತೆಗೆಯಲಾಗಿದೆ,” ಎಂದಿತು ಫೋನು.

ಗಂಗಲಕ್ಷ್ಮಿ ಪಾಸಾಗಿದ್ದಳು, ಅದೂ ಮೊದಲ ದರ್ಜೆಯಲ್ಲಿ. ಸರ್ಟಿಫಿಕೇಟಿನಲ್ಲಿ ಹೆಸರು ಅವಳದೇ. ಮೇಲೆ ಬಾಯಿ ತೆರೆದುಕೊಂಡು ಕೆಂಪಕ್ಕ. ಫೋಟೋ ಬದಲಾಯಿಸಲು ಎಲ್ಲೆಲ್ಲಿ ಒತ್ತಿದರೂ ಫೋನು ಜಪ್ಪಯ್ಯ ಎನ್ನಲಿಲ್ಲ.

ಸಂಜೆ ಡೈರಿಯಲ್ಲಿ ಗಿರಿಜಾಂಬಿಕಾ ಕನ್ನಡಕ ಏರಿಸಿ ಸರ್ಟಿಫಿಕೇಟ್ ನೋಡಿದರು.

“ಪಾಸಾಗಿರೋದು ಸರಿ ಕಣಮ್ಮ. ನಾಳೆ ಯಾರಾದ್ರೂ ಚೆಕ್ಕಿಂಗಿಗೆ ಬಂದ್ರೆ ನಾನೇನ್ ಹೇಳ್ಲಿ? ಫೋಟೋದಲ್ಲಿರೋರ್ಗೇ ಕೆಲ್ಸ ಕೊಡ್ಬೇಕಾಯ್ತದೆ. ಬರೀ ಬಾಯೇ ಕಾಣ್ತದೆ, ಯಾರಿವ್ರು?”

ಗಂಗಲಕ್ಷ್ಮಿ ಬಾಯಿ ತೆರೆಯುವ ಮೊದಲೇ, ಹಾಲಿನ ಸಾಲಿನಲ್ಲಿದ್ದ ಕೆಂಪಕ್ಕ ಕ್ಯಾನು ಕೆಳಗಿಟ್ಟು ಮುಂದೆ ಬಂದಳು.

“ನಾನೇ ಕಣ್ರವ್ವ. ಯಾವತ್ತಿಂದ ಬರ್ಲಿ?”