ಹದಿನೇಳನೇ ಮಂಚದ ಮೇಲಿರುವ ನಮ್ಮ ಅತ್ತೆಯವರ ಕುರಿತು

ಕರಾವಳಿ ವಿಪತ್ತು ಸಿದ್ಧತಾ ವಿಭಾಗದ ಮುಖ್ಯಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ, ಗಾಳಿ ಇನ್ನೂ ಕಾಗದವನ್ನು ಕೈಯಿಂದ ಕಿತ್ತುಕೊಳ್ಳುವಷ್ಟು ಜೋರಾಗಿಲ್ಲದ ಈ ಹೊತ್ತಿನಲ್ಲೇ ನನ್ನ ನಮಸ್ಕಾರಗಳನ್ನು ಸಲ್ಲಿಸಿಬಿಡುತ್ತೇನೆ.

ಇಂದು ಬೆಳಗ್ಗೆ ಏಳು ಗಂಟೆ ನಲವತ್ತೊಂಬತ್ತು ನಿಮಿಷಕ್ಕೆ ನಮ್ಮ ಅತ್ತೆಯವರು ಗುಡ್ಡದ ಮೇಲಿನ ಆಶ್ರಯ ಕೇಂದ್ರದ ಹದಿನೇಳನೇ ಮಂಚಕ್ಕೆ ಸುರಕ್ಷಿತವಾಗಿ ತಲುಪಿದ್ದಾರೆ. ಇದನ್ನು ವರದಿ ಮಾಡಿದ್ದು ತಮ್ಮ ಕಚೇರಿಯ ಧ್ವನಿವರ್ಧಕ. ಆ ವರದಿಯನ್ನು ನಮ್ಮ ಅತ್ತೆಯವರು ಮನೆಯ ಕಿಟಕಿಯ ಪಕ್ಕ ಕುಳಿತು ಪೂರ್ತಿಯಾಗಿ ಕೇಳಿಸಿಕೊಂಡರು.

ತಮಗೆ ನಮ್ಮ ಅತ್ತೆಯವರ ಪರಿಚಯ ಸಂಖ್ಯೆಯ ಮೂಲಕವಷ್ಟೇ ಇರುವುದರಿಂದ ಒಂದೆರಡು ವಿವರ ಕೊಡುತ್ತೇನೆ. ಅವರಿಗೆ ಎಂಬತ್ತೆರಡು ವರ್ಷ. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೆಂಟು ವರ್ಷ ದಾದಿಯಾಗಿದ್ದು ನಿವೃತ್ತರಾದವರು. ಎರಡೂ ಮೊಣಕಾಲು ಕೈಕೊಟ್ಟಿವೆ. ನಾಲಿಗೆ ಮತ್ತು ನೆನಪು ಇನ್ನೂ ಸೇವೆಯಲ್ಲಿವೆ. ನಮ್ಮ ಮನೆ ಮೀನು ಹರಾಜು ಕಟ್ಟೆಯ ಹಿಂದಿನ ಸಾಲಿನಲ್ಲಿದೆ. ನಾಳೆ ನಸುಕಿನಲ್ಲಿ ಚಂಡಮಾರುತ ದಡ ಮುಟ್ಟುವಾಗ ಆ ಸಾಲಿನಲ್ಲಿ ನೀರು ಕಿಟಕಿಯ ಮಟ್ಟಕ್ಕೆ ಏರಬಹುದೆಂದು ಹವಾಮಾನ ಕಚೇರಿ ಹೇಳಿದೆ. ಕೇಂದ್ರದ ಬಾಗಿಲು ಇಂದು ಸಂಜೆ ಆರಕ್ಕೆ ಮುಚ್ಚುತ್ತದೆ. ಈಗ ಸಮಯ ಮಧ್ಯಾಹ್ನ ಒಂದೂಕಾಲು.

ದೂರಿಗೆ ಮುನ್ನ ತಮ್ಮ ದೂರದೃಷ್ಟಿಯನ್ನು ಕೊಂಡಾಡದಿದ್ದರೆ ನಾನು ಕೃತಘ್ನನಾಗುತ್ತೇನೆ. ಎರಡು ವರ್ಷದ ಹಿಂದೆ ತಾವು ಮೊದಲ ಅಣಕು ಕಾರ್ಯಾಚರಣೆ ನಡೆಸಿದಾಗ ನಡೆಯಲಾರದ ಇಪ್ಪತ್ತು ಮಂದಿಯನ್ನು ನಿಜವಾಗಿಯೇ ಎತ್ತಿಕೊಂಡು ಹೋಗಲಾಯಿತು. ಒಬ್ಬರಿಗೆ ಸೊಂಟ ಉಳುಕಿತು, ಇನ್ನೊಬ್ಬರು ದಾರಿಯುದ್ದಕ್ಕೂ ಬೈದರು (ಈ ಇನ್ನೊಬ್ಬರು ಯಾರೆಂದು ನಾನು ಹೇಳುವುದಿಲ್ಲ), ಒಟ್ಟು ನಲವತ್ತೊಂದು ನಿಮಿಷ ಹಿಡಿಯಿತು. ಕರುಣಾಳುಗಳಾದ ತಾವು, ಅಶಕ್ತರಿಗೆ ಪದೇ ಪದೇ ತೊಂದರೆ ಕೊಡಬಾರದೆಂದು, ಅವರ ಬದಲಿಗೆ ಇಪ್ಪತ್ತು ಮರಳಿನ ಮೂಟೆಗಳನ್ನು ಬಳಸಲು ಆದೇಶಿಸಿದಿರಿ. ಬಂದರಿನ ದರ್ಜಿ ಪ್ರತಿ ಮೂಟೆಯ ಮೇಲೂ ಸಂಖ್ಯೆ ಮತ್ತು ಹೆಸರನ್ನು ಕೆಂಪು ನೂಲಿನಲ್ಲಿ ಹೊಲಿದುಕೊಟ್ಟ. ಮೂಟೆಗಳನ್ನು ಲಾರಿಯಲ್ಲಿಟ್ಟು ಬಂದರಿನ ನಮ್ಮ ವೇಬ್ರಿಡ್ಜಿನ, ಅಂದರೆ ಲಾರಿ ತೂಗುವ ಕಟ್ಟೆಯ, ಮೇಲೆ ತೂಗಿದಾಗ ಒಟ್ಟು ಏಳುನೂರ ಅರವತ್ತು ಕಿಲೋ ಬಂತು, ತಲಾ ಮೂವತ್ತೆಂಟು. ಆ ಚೀಟಿಗೆ ಸಹಿ ಹಾಕಿದ ಗುಮಾಸ್ತ ನಾನೇ. ನನ್ನ ಅತ್ತೆಯ ತೂಕ ಎಪ್ಪತ್ತೊಂದು ಎಂದು ಅಂದೇ ಬಾಯಿಬಿಡಬೇಕಿತ್ತು. ಮನೆಯಲ್ಲಿ ಶಾಂತಿ ಬೇಕೆಂದು ಸುಮ್ಮನಿದ್ದೆ. ಈ ದೂರಿನಲ್ಲಿ ನನ್ನ ಪಾಲೂ ಇದೆ ಎಂಬುದನ್ನು ದಯವಿಟ್ಟು ದಾಖಲಿಸಿಕೊಳ್ಳಿ.

ಅಲ್ಲಿಂದ ಮುಂದೆ ಹತ್ತು ಬಾರಿ ಅಭ್ಯಾಸ ನಡೆಯಿತು. ಸೈರನ್ ಕೂಗುತ್ತಲೇ ತಂಡದವರು ವಾರ್ಡು ಕಚೇರಿಯ ಹಿಂದಿನ ಶೆಡ್ಡಿಗೆ ಓಡುವುದು, ಮೂಟೆಗಳನ್ನು ಎರಡು ಕಿವಿ ಹಿಡಿದು ಲಾರಿಗೆ ಎತ್ತುವುದು, ಕೇಂದ್ರದಲ್ಲಿ ಮಂಚದ ಮೇಲೆ ಮಲಗಿಸಿ ಕಂಬಳಿ ಹೊದಿಸುವುದು, ದಾಖಲೆ ಪುಸ್ತಕದಲ್ಲಿ ಗುರುತು ಹಾಕಿ ಚಹಾ ಕುಡಿಯುವುದು. ನಲವತ್ತೊಂದು ನಿಮಿಷ ಇಪ್ಪತ್ತಾಯಿತು, ಇಪ್ಪತ್ತು ಹತ್ತಾಯಿತು. ತಮಗೆ ಪ್ರಶಸ್ತಿ ಫಲಕ ಬಂದ ದಿನ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಮ್ಮ ಅತ್ತೆಯವರು ಕೂಡ ಕುರ್ಚಿಯಲ್ಲಿ ಕುಳಿತೇ ತಟ್ಟಿದರು.

ಇಂದು ಏಳು ನಲವತ್ತಕ್ಕೆ ಸೈರನ್ ನಿಜವಾಗಿ ಕೂಗಿತು. ಅತ್ತೆಯವರು ಆರು ಗಂಟೆಗೇ ತಲೆ ಬಾಚಿಕೊಂಡು, ಔಷಧಿ, ಕನ್ನಡಕ, ರೇಡಿಯೊ, ಎರಡು ಸೀರೆಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ತಯಾರಾಗಿದ್ದರು. ಲಾರಿ ನಮ್ಮ ಮನೆಯ ಮುಂದೆಯೇ ಹಾದುಹೋಯಿತು. ಅವರು ಕೈ ಬೀಸಿದರು. ಊರಿಗೆಲ್ಲ ‘ಸೀಟಿ’ ಎಂದೇ ಗೊತ್ತಿರುವ ತಂಡದ ನಾಯಕ, ಲಾರಿಯ ಮೇಲಿಂದ ಬಹಳ ವಿನಯದಿಂದ ತಿರುಗಿ ಕೈ ಬೀಸಿದ. ಲಾರಿಯಲ್ಲಿ ಇಪ್ಪತ್ತು ಮೂಟೆಗಳಿದ್ದವು. ಒಂಬತ್ತೇ ನಿಮಿಷದಲ್ಲಿ ಕೆಲಸ ಮುಗಿಯಿತು. ಇದು ಹೊಸ ದಾಖಲೆ, ಅಭಿನಂದನೆಗಳು.

ನನ್ನ ಹೆಂಡತಿ ಸಹಾಯವಾಣಿಗೆ ಫೋನ್ ಮಾಡಿ, ನಮ್ಮಮ್ಮನನ್ನು ಯಾವಾಗ ಕರೆದೊಯ್ಯುತ್ತೀರಿ ಎಂದು ಕೇಳಿದಳು. ತಾಯಿಯವರು ಆಗಲೇ ತಲುಪಿದ್ದಾರೆ, ಆರಾಮವಾಗಿ ಮಲಗಿದ್ದಾರೆ, ಗಾಬರಿಪಡಬೇಡಿ ಎಂದು ಅತ್ತಲಿನ ಹೆಣ್ಣುಮಗಳು ಸಮಾಧಾನ ಹೇಳಿದಳು. ಹೆಂಡತಿ ಆ ಮಾತನ್ನು ಅತ್ತೆಗೆ ದಾಟಿಸಿದಳು. “ಹಾಗಾದ್ರೆ ಇಲ್ಲಿ ಕೂತಿರೋಳು ಯಾರು ಅಂತ ಸ್ವಲ್ಪ ವಿಚಾರಿಸಮ್ಮ,” ಎಂದರು ಅತ್ತೆ.

ಬೇರೆ ದಾರಿ ಕಾಣದೆ ಅವರನ್ನು ಮೀನಿನ ಕೈಗಾಡಿಯ ಮೇಲೆ ಕುರ್ಚಿ ಸಮೇತ ಕೂರಿಸಿ ಗುಡ್ಡದವರೆಗೆ ತಳ್ಳಿದೆವು. ಮುಕ್ಕಾಲು ಗಂಟೆ ಹಿಡಿಯಿತು, ಇದರಿಂದ ತಮ್ಮ ಸರಾಸರಿಗೆ ಧಕ್ಕೆ ಬಾರದಿರಲಿ. ಕೇಂದ್ರದ ದ್ವಾರದಲ್ಲಿದ್ದ ಗುಮಾಸ್ತ ಸಭ್ಯ ಮನುಷ್ಯ. ಪುಸ್ತಕ ತೆರೆದು, ಹದಿನೇಳನೇ ಸಂಖ್ಯೆಯವರು ಒಳಗಿರುವುದರಿಂದ ಅದೇ ಸಂಖ್ಯೆಯ ಇನ್ನೊಬ್ಬರನ್ನು ಸೇರಿಸಿಕೊಳ್ಳಲು ಬರುವುದಿಲ್ಲ ಎಂದ. ಮೇಲಿನ ಸಾಮಾನ್ಯ ಸಭಾಂಗಣ ಯಾರಿಗೂ ತೆರೆದಿದೆ, ಆದರೆ ಅಲ್ಲಿಗೆ ಕುರ್ಚಿ ಹಿಡಿಸದಷ್ಟು ಕಿರಿದಾದ ಮೂವತ್ತನಾಲ್ಕು ಮೆಟ್ಟಿಲು. ಅಶಕ್ತರ ಕೋಣೆಯಲ್ಲಿರುವುದು ಇಪ್ಪತ್ತೇ ಮಂಚ, ಇಪ್ಪತ್ತೂ ಭರ್ತಿ. ನಾನು ಬಾಗಿಲಿನಿಂದಲೇ ಇಣುಕಿದೆ. ಇಪ್ಪತ್ತು ಮೂಟೆಗಳು ಕಂಬಳಿ ಹೊದ್ದು ಸಾಲಾಗಿ ಮಲಗಿದ್ದವು. ಪ್ರತಿಯೊಂದರ ತಲೆಯ ಹತ್ತಿರ ಒಂದು ಲೋಟ ನೀರು. ಹದಿನೇಳನೆಯದಕ್ಕೆ ರಕ್ತದೊತ್ತಡದ ಮಾತ್ರೆಯನ್ನೂ ಇಟ್ಟಿದ್ದರು. ಇಷ್ಟು ಕಾಳಜಿಯನ್ನು ನಾನು ದೊಡ್ಡ ಆಸ್ಪತ್ರೆಗಳಲ್ಲೂ ಕಂಡಿಲ್ಲ.

ಗುಮಾಸ್ತನನ್ನು ನಾನು ದೂರುವುದಿಲ್ಲ. ಪುಸ್ತಕಕ್ಕೆ ಏರಿದ ಹೆಸರನ್ನು ಇಳಿಸಬೇಕಾದರೆ ಬಿಡುಗಡೆ ನಮೂನೆ ಬೇಕು. ಅದಕ್ಕೆ ತಮ್ಮ ಸಹಿ ಬೇಕು. ತಾವು ಸಹಿ ಮಾಡುವುದು ಚಂಡಮಾರುತ ದಾಟಿಹೋದ ಮೇಲೆ. ಇವನ ಹಿಂದಿನವನು ಪುಸ್ತಕ ಮೀರಿ ಒಬ್ಬರನ್ನು ಒಳಬಿಟ್ಟಿದ್ದಕ್ಕೆ ಉಗ್ರಾಣಕ್ಕೆ ವರ್ಗವಾಗಿ ಇವತ್ತಿಗೂ ಹಗ್ಗ ಎಣಿಸುತ್ತಿದ್ದಾನೆ. ಇವನು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ: “ನನಗೆ ಕಾಣಿಸ್ತಿದೆ ಸಾರ್, ಅದು ಮೂಟೆ ಅಂತ. ಆದ್ರೆ ಪುಸ್ತಕಕ್ಕೆ ಕಾಣಿಸಲ್ವಲ್ಲ.”

ಅಷ್ಟರಲ್ಲಿ ಸೀಟಿ ಬಂದ. ತಂಡ ಅಭ್ಯಾಸದಲ್ಲಿ ಕಲಿತದ್ದನ್ನು ಒಂದಕ್ಷರ ತಪ್ಪದೆ ಮಾಡಿದೆ, ಕೈಕಾಲು ತಾವಾಗಿಯೇ ಶೆಡ್ಡಿನ ಕಡೆ ಓಡಿದವು, ಮನೆಗಳಿಗೆ ಹೋಗಬೇಕೆಂದು ಯಾರ ತಲೆಗೂ ಹೊಳೆಯಲಿಲ್ಲ ಎಂದು ಅತ್ತೆಯವರಿಗೆ ವಿವರಿಸತೊಡಗಿದ. ಅವರು ಅವನನ್ನು ಕೊನೆಯವರೆಗೂ ಮಾತಾಡಲು ಬಿಟ್ಟರು. ಆಮೇಲೆ ಹೇಳಿದರು: “ನೀನು ಹುಟ್ಟಿದಾಗ ಎರಡೂವರೆ ಕಿಲೋ ಇದ್ದೆ ಕಣೋ. ನಾನೇ ತೂಗಿದ್ದು. ಅವತ್ತು ನಿನ್ನನ್ನ ಅಲ್ಲೇ ಬಿಟ್ಟು ಒಂದು ಮೂಟೆ ತಗೊಂಡೋಗಿ ನಿಮ್ಮಮ್ಮನ ಮಗ್ಗುಲಲ್ಲಿ ಮಲಗಿಸಿದ್ದಿದ್ರೆ ಅವಳು ಸುಮ್ನಿರ್ತಿದ್ಲಾ?” ಸೀಟಿ ಕತ್ತಿನ ಸೀಟಿಯನ್ನು ಜೇಬಿಗೆ ಹಾಕಿಕೊಂಡ. ಆಗಿನಿಂದ ಈವರೆಗೆ, ಎಂದರೆ ಎರಡೂವರೆ ತಾಸಿನಿಂದ, ಅವನು ತಮಗೆ ಫೋನ್ ಮಾಡುತ್ತಲೇ ಇದ್ದಾನೆ. ತಮ್ಮ ಫೋನು ಬಿಡುವಿಲ್ಲದೆ ನಿರತವಾಗಿದೆ. ಅಭಿನಂದನೆಗಳನ್ನು ಸ್ವೀಕರಿಸಲು ಹೊತ್ತು ಬೇಕೇ ಬೇಕು.

ಆದ್ದರಿಂದ, ಮಾನ್ಯರೇ, ಕೆಲವು ಬಿನ್ನಹಗಳು. ಇಪ್ಪತ್ತು ಮೂಟೆಗಳೂ ಸಂಪೂರ್ಣ ಗುಣಮುಖವಾಗಿವೆ, ತಾವಾಗಿ ನಡೆದು ಮನೆಗೆ ಹೋಗಬಲ್ಲವು ಎಂದು ವೈದ್ಯರಿಂದ ಪ್ರಮಾಣಪತ್ರ ತರಿಸಿ ಅವುಗಳನ್ನು ಬಿಡುಗಡೆ ಮಾಡಬೇಕು. ಅದು ಆಗದಿದ್ದರೆ, ಹದಿನೇಳನೇ ಸಂಖ್ಯೆಯವರು ಒಳಗೆ ಭದ್ರವಾಗಿರುವುದರಿಂದ ಹೊರಗೆ ಕುರ್ಚಿಯಲ್ಲಿರುವ ಮಹಿಳೆಯನ್ನು ತಟ್ಟಕೂಡದೆಂದು ಚಂಡಮಾರುತಕ್ಕೆ ಒಂದು ಸುತ್ತೋಲೆ ಹೊರಡಿಸಬೇಕು, ಅದರ ಪ್ರತಿಯನ್ನು ಸಮುದ್ರಕ್ಕೂ ಕಳಿಸಬೇಕು. ಇದೂ ಕಷ್ಟವೆಂದಾದರೆ ನಮ್ಮ ಅತ್ತೆಯವರನ್ನೇ ಅಧಿಕೃತವಾಗಿ ಮೂಟೆಯೆಂದು ಘೋಷಿಸಬಹುದು. ಕೆಂಪು ನೂಲಿನ ಸಂಖ್ಯೆಗೆ ಅವರ ಆಕ್ಷೇಪವಿಲ್ಲ, ಸೀರೆಯ ಸೆರಗಿನಲ್ಲಿ ಹೊಲಿಸಿಕೊಳ್ಳಲು ಒಪ್ಪಿದ್ದಾರೆ. ತೂಕದಲ್ಲಿ ಮಾತ್ರ ಮೂವತ್ತಮೂರು ಕಿಲೋ ಹೆಚ್ಚುವರಿ ಬರುತ್ತದೆ, ಮತ್ತು ಈ ಬಾರಿ ನಾನು ಸರಿಯಾದ ಚೀಟಿಯನ್ನೇ ಕೊಡುತ್ತೇನೆ.

ಇವೆಲ್ಲಕ್ಕಿಂತ ಸುಲಭವಾದ ಇನ್ನೊಂದು ದಾರಿಯಿದೆ. ತಾವು ನಿಯಂತ್ರಣ ಕೊಠಡಿಯಿಂದ ಇಳಿದು, ಜೀಪು ಹತ್ತಿ, ಇಪ್ಪತ್ತೈದು ನಿಮಿಷದಲ್ಲಿ ಇಲ್ಲಿಗೆ ಬಂದು, ಒಂದು ಮಂಚದ ಕಂಬಳಿಯನ್ನು ಸ್ವಂತ ಕೈಯಿಂದ ಸರಿಸಿ ನೋಡಿ, ಸಹಿ ಹಾಕಬಹುದು. ಇದನ್ನು ಅಸಾಧ್ಯವಾದ ಬೇಡಿಕೆಗಳ ಸಾಲಿನಲ್ಲಿ ಸೇರಿಸಬೇಕೋ ಬೇಡವೋ ಎಂಬುದು ತಮಗೆ ಬಿಟ್ಟದ್ದು.

ಸದ್ಯಕ್ಕೆ ಅತ್ತೆಯವರು ಕೇಂದ್ರದ ಬಾಗಿಲಿಗೆ ಏರುವ ಇಳಿಜಾರು ದಾರಿಯ ಬುಡದಲ್ಲಿ, ತಗಡಿನ ಮಾಡಿನ ಕೆಳಗೆ ಕುಳಿತಿದ್ದಾರೆ. ತಗಡು ಆಗಲೇ ಅಲುಗುತ್ತಿದೆ. ಗುಮಾಸ್ತ ತನ್ನ ಮಳೆಯಂಗಿಯನ್ನು ಅವರಿಗೆ ಹೊದಿಸಿದ್ದಾನೆ. ಈ ಪತ್ರದ ಒಂದು ಪ್ರತಿ ಸಂಜೆಯ ಪತ್ರಿಕೆಗೆ ಹೋಗಿದೆ. ಇನ್ನೊಂದನ್ನು ಕೇಂದ್ರದ ಹೊರಗೋಡೆಗೆ ನಾಲ್ಕೂ ಮೂಲೆಯಲ್ಲಿ ಮೊಳೆ ಹೊಡೆದು ನಿಲ್ಲಿಸಿದ್ದೇನೆ.

ತಮ್ಮ ಪುಸ್ತಕದ ಮೇಲಲ್ಲದಿದ್ದರೂ ತಮ್ಮ ಮೇಲೆ ಸಂಜೆ ಆರರವರೆಗೆ ವಿಶ್ವಾಸವಿಟ್ಟಿರುವ,
ಬಂದರಿನ ವೇಬ್ರಿಡ್ಜ್ ಗುಮಾಸ್ತ,
ಹದಿನೇಳನೇ ಸಂಖ್ಯೆಯ ಅಳಿಯ

ತಾ.ಕ.: ಪತ್ರ ಮುಗಿಸಿದ ಮೇಲೆ ತಮ್ಮ ಪಟ್ಟಿ ಹಿಡಿದು ಉಳಿದ ಹತ್ತೊಂಬತ್ತು ಮನೆಗಳಿಗೂ ಹೋಗಿಬಂದೆ. ಎಲ್ಲರೂ ಮನೆಯಲ್ಲೇ ಇದ್ದಾರೆ. ಹದಿನೆಂಟು ಮಂದಿಯನ್ನು ಹರಾಜು ಕಟ್ಟೆಯ ಹಮಾಲರು ಕೈಗಾಡಿಗಳಲ್ಲಿ ಗುಡ್ಡಕ್ಕೆ ತರುತ್ತಿದ್ದಾರೆ. ಆರನೇ ಸಂಖ್ಯೆಯವರು ಮಾತ್ರ ಗಾಡಿ ಹತ್ತಲು ಒಪ್ಪಲಿಲ್ಲ. ಅವರು, ಮಾನ್ಯರೇ, ತಮ್ಮದೇ ತಾಯಿಯವರು. ಅಮ್ಮ ತಲುಪಿದರೆಂಬ ಸುದ್ದಿ ನಂಬಿದ ತಮ್ಮ ಅಕ್ಕ, ಅಮ್ಮನ ಕನ್ನಡಕ ಹಿಡಿದುಕೊಂಡು ಕೇಂದ್ರದ ಬಾಗಿಲಲ್ಲಿ ಕಾಯುತ್ತಿದ್ದಾರೆ. ತಾಯಿಯವರು ನನಗೆ ಹೇಳಿದ್ದು ಇಷ್ಟು: “ನನ್ನ ಮಗ ಗಾಡಿ ಕಳಿಸ್ತಾನಪ್ಪ, ಅದರಲ್ಲೇ ಬರ್ತೀನಿ. ಅವನಿಗೆ ಇವತ್ತು ತುಂಬ ಕೆಲಸ, ಫೋನ್ ಮಾಡಿ ತೊಂದರೆ ಕೊಡಬೇಡಿ.” ಮಂಜುಗಡ್ಡೆ ಕಾರ್ಖಾನೆಯ ಲಾರಿ ಮೂರೂವರೆಗೆ ಅವರ ಮನೆಯ ಮುಂದೆ ನಿಲ್ಲುತ್ತದೆ. ಮಗ ಕಳಿಸಿದ್ದೆಂದು ಹೇಳುವಂತೆ ಚಾಲಕನಿಗೆ ತಿಳಿಸಲಾಗಿದೆ.