ಬೀಗರ ತಲೆ, ನಮ್ಮ ಮೈ

"ಕೂಡೋದಿಲ್ವಂತೆ! ಯಾವನು ಹೇಳಿದ್ದು ಕೂಡೋದಿಲ್ಲ ಅಂತ?"

ತಿಪಟೂರಿನ ತಮ್ಮ ಸ್ಟುಡಿಯೋದಲ್ಲಿ ಗುರುಶಾಂತಪ್ಪ ಮೇಜು ಗುದ್ದಿದರು. ಮೇಜಿನ ಮೇಲೆ ಒಂದು ಕಂಪನಿಯ ಹಳೆಯ ಲೆನ್ಸು, ಇನ್ನೊಂದು ಕಂಪನಿಯ ಹೊಸ ಕ್ಯಾಮೆರಾ. ನಡುವೆ ಅವರೇ ಕಡೆದ ಹಿತ್ತಾಳೆ ಉಂಗುರ, ಅದರೊಳಗೆ ಸ್ವಂತ ಬುದ್ಧಿಯ ಒಂದು ಎಲೆಕ್ಟ್ರಾನಿಕ್ ಚಿಪ್!

"ಲೆನ್ಸು ತಲೆ, ಕ್ಯಾಮೆರಾ ಮೈ ಕಣೇ ಶಾಂಭವಿ. ಒಂದು ಮನೆ ತಲೇನ ಇನ್ನೊಂದು ಮನೆ ಮೈಗೆ ಕೂಡ್ಸೋದೇ ನಿನ್ನ ಧರ್ಮ ಅಂತ ಇದಕ್ಕೆ ಪಾಠ ಮಾಡಿದೀನಿ!"

ಸೋದರಮಾವನ ಮಾತು ಕೇಳಿ ಶಾಂಭವಿಗೆ ಆ ಉಂಗುರದ ಮೇಲೆ ಪ್ರೀತಿ ಉಕ್ಕಿತು. ಅವಳ ಮದುವೆಯ ಮಾತು ಬಂದಾಗಲೂ ಎರಡೂ ಮನೆಯವರು ಅಂದದ್ದು ಅದನ್ನೇ, ನಮಗೂ ಅವರಿಗೂ ಕೂಡೋದಿಲ್ಲ ಅಂತ. ಹಟ ಹಿಡಿದು ಒಪ್ಪಿಸಿದ್ದಳು. ಈಗ ಅವಳಿಗೆ ಬೇಕಿದ್ದುದು ಎರಡೂ ಕಡೆಯವರು ಒಟ್ಟಿಗೆ ನಿಂತ ಒಂದು ಫೋಟೋ, ಅಷ್ಟೇ.

ಪರೀಕ್ಷೆಗೆಂದು ಮಾವ ಅಂಗಳದ ದಾಸವಾಳದ ಫೋಟೋ ತೆಗೆದರು, ಆಮೇಲೆ ತುಳಸಿಯದು. ಫೋಟೋದಲ್ಲಿ ತುಳಸಿಯ ತುಂಬ ಕೆಂಪು ದಾಸವಾಳ!

"ಇದೇನು ಮಾವ?"

"ಉತ್ಸಾಹ ಕಣೇ. ಹೊಸ ಅಳಿಯನಿಗೂ ಮೊದಮೊದಲು ಇರುತ್ತೆ, ಬಿಡು."

ಮದುವೆಯ ಊಟದಲ್ಲಿ ಬೀಗರ ಹೋಳಿಗೆಗೆ ತುಪ್ಪ ಬಡಿಸುವುದು ಮರೆತುಹೋಯಿತು. ಸಾಲದೇ? ವರನ ತಾಯಿ ಸರ್ವಮಂಗಳಮ್ಮ ಎಲೆ ಬಿಟ್ಟು ಎದ್ದರು.

"ತುಪ್ಪ ಬಡಿಸೋಕೆ ಕೈ ಬರದೋರ ಜೊತೆ ನಾವು ಫೋಟೋಕ್ಕೆ ನಿಲ್ಲಲ್ಲ!"

"ನಿಲ್ಲಿ ಅಂತ ಕಾಲು ಹಿಡಿದೋರು ಯಾರು?" ಶಾಂಭವಿಯ ಅಪ್ಪ ಮರುಳಪ್ಪ ಮೀಸೆ ತಿರುವಿದರು.

ಕೊನೆಗೆ ಮಾವ ಅದೇ ಉಂಗುರ ಹಾಕಿದ ಕ್ಯಾಮೆರಾದಲ್ಲಿ ಹೆಣ್ಣಿನ ಕಡೆಯವರದೊಂದು, ಗಂಡಿನ ಕಡೆಯವರದೊಂದು ಫೋಟೋ ತೆಗೆದರು. ಶಾಂಭವಿಯ ಕಣ್ಣು ತುಂಬಿತು. ಇಷ್ಟಕ್ಕೇ ಅವಳು ಅಷ್ಟು ಜಗಳವಾಡಿದ್ದು?

ಅಷ್ಟರಲ್ಲಿ ಛತ್ರದ ದೊಡ್ಡ ಪರದೆಯ ಮೇಲೆ ಫೋಟೋ ಮೂಡಿತು. ಎರಡಲ್ಲ, ಒಂದೇ! ಸರ್ವಮಂಗಳಮ್ಮನವರ ಗಿಳಿಹಸಿರು ರೇಷ್ಮೆ ಸೀರೆಯ ಮೇಲೆ ಮರುಳಪ್ಪನವರ ಮೀಸೆ. ಮರುಳಪ್ಪನವರ ಪಂಚೆ ಶಲ್ಯದ ಮೇಲೆ ಸರ್ವಮಂಗಳಮ್ಮನವರ ಮೂಗುತಿ, ತುಪ್ಪದ ಸಿಟ್ಟಿನ ಸಮೇತ! ಸಾಲಿನುದ್ದಕ್ಕೂ ಇದೇ ಕತೆ.

"ಅಳಿಸ್ರೀ ಅದನ್ನ!"

"ಮೊದ್ಲು ನನ್ನ ತಲೆ ವಾಪಸ್ ಕೊಡ್ರೀ!"

ಮಾವ ಇದ್ದಬದ್ದ ಗುಂಡಿಯನ್ನೆಲ್ಲ ಒತ್ತಿದರು. "ಈ ಉಂಗುರ ಅಳಿಸೋಕೆ ಬಿಡ್ತಿಲ್ಲ. ನೀವು ಬೇರೆ ಬೇರೆ ನಿಂತರೆ ಇದು ಕೂಡಿಸ್ತಾನೇ ಇರುತ್ತೆ. ಒಟ್ಟಿಗೆ ನಿಂತರೆ ಇದಕ್ಕೆ ಕೆಲಸ ಇಲ್ಲ."

ಶಾಂಭವಿ ಸೆರಗು ಸಿಕ್ಕಿಸಿ ಎದ್ದಳು. "ಕೇಳಿಸ್ತಲ್ಲ? ತಲೆ ಬೇಕಾದೋರು ಬಂದು ಪಕ್ಕಪಕ್ಕ ನಿಂತ್ಕೊಳ್ಳಿ. ಇಲ್ಲಾಂದ್ರೆ ಇದನ್ನೇ ಊರಿಗೆಲ್ಲ ಹಂಚ್ತೀನಿ!"

ವೇದಿಕೆ ಹತ್ತಲು ನೂಕುನುಗ್ಗಲಾಯಿತು. ಎಲ್ಲರೂ ಮುಖ ಗಂಟಿಕ್ಕಿಕೊಂಡೇ ಭುಜಕ್ಕೆ ಭುಜ ತಾಗಿಸಿ ನಿಂತರು. ಈ ಸಲ ಅವರವರ ತಲೆ ಅವರವರ ಮೈಮೇಲೇ ಬಂತು.

ಶಾಂಭವಿ ತಲೆ ಅದಲುಬದಲಾದದ್ದು, ಒಟ್ಟಿಗೆ ನಿಂತದ್ದು, ಎರಡೂ ಫೋಟೋಗಳನ್ನು ಗಂಡನ ಮನೆಯ ಗೋಡೆಗೆ ತೂಗುಹಾಕಿದಳು, ಯಾರು ಬೇಡವೆಂದರೂ ಕೇಳಲಿಲ್ಲ. ಹಬ್ಬಕ್ಕೆ ಬಂದ ಮರುಳಪ್ಪ ಮೊದಲನೆಯದರ ಮುಂದೆ ಬಹಳ ಹೊತ್ತು ನಿಂತರು. ಹಿಂದಿನಿಂದ ಸರ್ವಮಂಗಳಮ್ಮ ತುಪ್ಪ ಸುರಿದ ಹೋಳಿಗೆ ತಂದರು.

"ಏನು ಬೀಗರೇ, ಅಷ್ಟೊಂದು ನೋಡ್ತಿದೀರಿ?"

"ಏನಿಲ್ಲ. ಹಸಿರು ಸೀರೆ ನನಗೆ ಅಷ್ಟೇನೂ ಕೆಟ್ಟದಾಗಿ ಕಾಣಲ್ಲ" ಎಂದರು ಮರುಳಪ್ಪ.