ನಮ್ಮ ಮನೆಯವರ ಚೈನೀಸ್ ಹುರುಳಿಕಾಯಿ

ಕೋಪ ಮಾಡಿಕೊಳ್ಳುವ ಹಕ್ಕು ಮನೆಯಲ್ಲಿ ಎಲ್ಲರಿಗೂ ಸಮನಾಗಿ ಇರುವುದಿಲ್ಲ. ನಮ್ಮ ಮನೆಯವರಿಗೆ ಕೋಪ ಬಂದರೆ ಅದಕ್ಕೆ ಬಿ.ಪಿ. ಎಂದು ಹೆಸರು, ತಕ್ಷಣ ಟಿ.ವಿ. ಸದ್ದು ಕಡಿಮೆಯಾಗುತ್ತದೆ. ನಮ್ಮತ್ತೆಗೆ ಬಂದರೆ ಅದು ವಯಸ್ಸು. ಎಲ್ಲರೂ ತಲೆ ತಗ್ಗಿಸುತ್ತಾರೆ. ನನಗೆ ಬಂದರೆ ಮಾತ್ರ "ಯಾಕೆ, ಹುಷಾರಿಲ್ವಾ?" ಎಂದು ಹಣೆ ಮುಟ್ಟಿ ನೋಡುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ನನಗೆ ಜ್ವರವಿಲ್ಲ. ಬಂದಿರುವುದು ಕೋಪವೇ. ಲೋಕದಲ್ಲಿ ಕೋಪ ಮಾಡಿಕೊಳ್ಳಲು ದೊಡ್ಡ ದೊಡ್ಡ ವಿಷಯಗಳು ಬೇಕಾದಷ್ಟಿವೆ, ಗೊತ್ತು. ಆದರೆ ನನ್ನ ಪಾಲಿಗೆ ಬಂದದ್ದು ಹುರುಳಿಕಾಯಿ. ಅದೂ ಚೈನೀಸ್ ಹುರುಳಿಕಾಯಿ.

ನಾನು ತುಮಕೂರಿನ ಸದಾಶಿವನಗರದಿಂದ ದಿನಾ ಬೆಳಿಗ್ಗೆ ರೈಲು ಹಿಡಿದು ಗುಬ್ಬಿಗೆ ಹೋಗಿ, ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಟ್ಟು ಸಂಜೆ ಮನೆಗೆ ಬರುವವಳು. ಮದುವೆಯಾಗಿ ಬಂದ ಮೂರನೆಯ ದಿನ ನಾನು ಮೊದಲು ಮಾಡಿದ ಅಡುಗೆಯೇ ಹುರುಳಿಕಾಯಿ ಪಲ್ಯ. ಅತ್ತೆಯ ಊರು ಗುಬ್ಬಿಯಿಂದಾಚೆ, ಮನೆಯ ಸುತ್ತ ತೆಂಗಿನ ತೋಟ. ಅಲ್ಲಿ ಪಲ್ಯಕ್ಕೆ ಕಾಯಿತುರಿ ಹಾಕುವುದಿಲ್ಲ, ಕಾಯಿತುರಿಗೆ ಪಲ್ಯ ಹಾಕುತ್ತಾರೆ. ಅಂದು ಅತ್ತೆ ಒಂದು ತುತ್ತು ತಿಂದು "ಬೆಂದಿಲ್ಲ" ಅಂದರು. ಮರುದಿನ "ಬೆಂದೋಗೈತೆ" ಅಂದರು. ಬೇಯದ್ದಕ್ಕೂ ಬೆಂದು ಹೋದದ್ದಕ್ಕೂ ನಡುವೆ ಎಲ್ಲೋ ಒಂದು ಕಡೆ ಹದವಾಗಿ ಬೆಂದ ಬಿಂದು ಇರಲೇಬೇಕು ಎನ್ನುವುದು ಗಣಿತದ ನಂಬಿಕೆ. ಇಪ್ಪತ್ನಾಲ್ಕು ವರ್ಷ ಹುಡುಕಿದೆ. ಅತ್ತೆಯ ನಾಲಿಗೆಯ ಮೇಲೆ ಆ ಬಿಂದು ಸಿಕ್ಕಲೇ ಇಲ್ಲ. ಅಷ್ಟೂ ವರ್ಷ ನಮ್ಮ ಮನೆಯವರು ಈ ವಿಚಾರಣೆಯಲ್ಲಿ ಬಾಯಿ ಬಿಡದೆ, ತಟ್ಟೆಯಲ್ಲಿದ್ದದ್ದನ್ನು ಬಳಿದು ತಿಂದು ಕೈ ತೊಳೆದು ಎದ್ದು ಹೋಗುತ್ತಿದ್ದರು.

ಹೀಗಿರುವಾಗ ಒಂದು ಶನಿವಾರ ಅವರು ಆಫೀಸಿನ ಗೆಳೆಯರ ಜೊತೆ ಕ್ಯಾತ್ಸಂದ್ರದ ಹತ್ತಿರ ಹೈವೇ ಪಕ್ಕದ ಹೋಟೆಲೊಂದಕ್ಕೆ ಹೋಗಿ ಬಂದರು. ಬಂದವರ ಮುಖದಲ್ಲಿ ದೀಕ್ಷೆ ತೆಗೆದುಕೊಂಡವರ ಕಳೆಯಿತ್ತು. ಚಪ್ಪಲಿ ಬಿಡುತ್ತಲೇ, "ಇಷ್ಟು ವರ್ಷ ನಾವು ಹುರುಳಿಕಾಯಿಗೆ ಅನ್ಯಾಯ ಮಾಡಿದೀವಿ ಕಣೇ" ಅಂದರು. ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಸೋಯಾ ಸಾಸ್ ಹಾಕಿ, ಚರ್ಮ ಸುಕ್ಕಾಗುವ ತನಕ ಹುರಿದ ಹುರುಳಿಕಾಯಿ ತಿಂದರಂತೆ. ನನಗೆ ಸಿಟ್ಟು ಹತ್ತಿದ್ದು "ಅನ್ಯಾಯ" ಎಂಬ ಮಾತಿಗಲ್ಲ, "ನಾವು" ಎಂಬ ಮಾತಿಗೆ. ಹಬೆಯಲ್ಲಿ ಬೆಂದವಳು ನಾನು, ತಪ್ಪಿನಲ್ಲಿ ಇವರಿಗೆ ಪಾಲು! "ಹಾಗಾದ್ರೆ ನ್ಯಾಯ ನೀವೇ ಕೊಡ್ಸಿ" ಅಂದೆ. ಚುಚ್ಚಲು ಆಡಿದ ಮಾತು. ಅವರು ಅದನ್ನು ಅಪ್ಪಣೆ ಎಂದುಕೊಂಡರು.

ಹುರುಳಿಕಾಯಿಗೆ ಬರವಿರಲಿಲ್ಲ. ಅತ್ತೆ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಯಲ್ಲಿದ್ದರು. ಅವರನ್ನು ನೋಡಲು ಕುಣಿಗಲ್ ಕಡೆಯಿಂದ ಬಂದಿದ್ದ ನಾದಿನಿ, ಮಾರ್ಕೋನಹಳ್ಳಿ ನೀರಿನಲ್ಲಿ ಬೆಳೆದ ಎಳೇ ಹುರುಳಿಕಾಯಿಯನ್ನು ಒಂದು ಚೀಲ ತುಂಬ ತಂದು ಹಾಕಿ ಹೋಗಿದ್ದಳು. ಭಾನುವಾರ ತಿಂಡಿ ಮುಗಿದದ್ದೇ ತಡ, ನಮ್ಮ ಮನೆಯವರು ಹೆಗಲಿಗೆ ಟವಲ್ ಹಾಕಿಕೊಂಡು ಅಡುಗೆಮನೆಗೆ ಬಂದು, ಸಕ್ಕರೆ ಡಬ್ಬಿಗೆ ಮೊಬೈಲು ಒರಗಿಸಿ ವಿಡಿಯೋ ಹಾಕಿದರು. ಆ ವಿಡಿಯೋದಲ್ಲಿ ನಾರು ತೆಗೆಯುವುದನ್ನು ತೋರಿಸಿರಲಿಲ್ಲ. ಆದ್ದರಿಂದ ಅದು ನನ್ನ ಕೆಲಸವಾಯಿತು. ತೊಳೆದ ಕಾಯಲ್ಲಿ ಒಂದು ತೊಟ್ಟು ನೀರೂ ಇರಬಾರದಂತೆ. ನಾನು ಒಗೆದು ಹಾಸಿದ್ದ ಬೆಡ್‌ಶೀಟಿನ ಮೇಲೆ ಹುರುಳಿಕಾಯಿ ಹರಡಿ ಫ್ಯಾನು ಹಾಕಿದರು. ಅದೂ ಸಾಲದೆ, ಹಾಸ್ಟೆಲಿನಲ್ಲಿರುವ ಮಗಳು ಬಿಟ್ಟು ಹೋಗಿದ್ದ ಹೇರ್ ಡ್ರೈಯರ್ ತಂದು ಒಂದೊಂದನ್ನೇ ತಿರುಗಿಸಿ ತಿರುಗಿಸಿ ಒಣಗಿಸಿದರು. ಮದುವೆಯಾದಂದಿನಿಂದ ನನ್ನ ತಲೆಗೂದಲನ್ನು ಈ ಮನುಷ್ಯ ಅಷ್ಟು ಅಕ್ಕರೆಯಿಂದ ಮುಟ್ಟಿದ್ದು ನೆನಪಿಲ್ಲ.

ಬಾಣಲೆ ಹೊಗೆಯಾಡುವಾಗ ಹಿಡಿ ತುಂಬ ಒಣಮೆಣಸಿನಕಾಯಿ ಬಿತ್ತು. ಘಾಟು ಎಂದರೆ ಎಂಥ ಘಾಟು! ನಾನು ಕೆಮ್ಮುತ್ತ ಹಿತ್ತಲ ಬಾಗಿಲಿಗೆ ಓಡಿದರೆ, ಪಕ್ಕದ ಮನೆಯ ಆಂಟಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಾಂಪೌಂಡಿನ ಹತ್ತಿರ ನಿಂತಿದ್ದರು. "ಏನ್ರೀ ಮೇಡಂ, ಬೆಳ್ಬೆಳಿಗ್ಗೆ ಯಾರಿಗೆ ದೃಷ್ಟಿ ತೆಗೀತಿದೀರಾ? ಅಕ್ಕಪಕ್ಕ ಜನ ಇದಾರೆ ಅನ್ನೋ ಜ್ಞಾನ ಬೇಡ್ವಾ?" ಒಳಗಿನಿಂದ ನಮ್ಮ ಮನೆಯವರು ಕೂಗಿದರು: "ನಾನು ಕಣ್ರೀ ಆಂಟಿ, ಚೈನೀಸ್ ಮಾಡ್ತಿದೀನಿ!" ಆಂಟಿಯ ಮೂಗಿನಿಂದ ಸೆರಗು ಜಾರಿತು. "ಅಯ್ಯೋ, ನೀವಾ ಸಾರ್ ಅಡುಗೆ ಮಾಡ್ತಿರೋದು? ಮೇಡಂ, ಏನ್ ಪುಣ್ಯ ಮಾಡಿದ್ರೀ ನೀವು!" ನಾನು ಪುಣ್ಯವಂತೆ ಎಂದು ಗೊತ್ತಾದಾಗ ನನ್ನ ಕಣ್ಣಿಂದ ಮೂಗಿಂದ ನೀರು ಸುರಿಯುತ್ತಿತ್ತು.

ಊಟಕ್ಕೆ ಕೂತೆವು. ಅತ್ತೆ ಆಪರೇಷನ್ನಿನ ಕಪ್ಪು ಕನ್ನಡಕ ಹಾಕಿಕೊಂಡೇ ಮುದ್ದೆ ಮುರಿದರು. ಪಕ್ಕದಲ್ಲಿ ಮಗ ಬಡಿಸಿದ ಹುರುಳಿಕಾಯಿ. ನಾನು ಒಂದನ್ನು ಬಾಯಿಗೆ ಹಾಕಿಕೊಂಡೆ: ಹೊರಗೆ ಇದ್ದಿಲು, ಒಳಗೆ ಹಸಿ. ಸೋಯಾ ಸಾಸಿನಲ್ಲೇ ಉಪ್ಪಿರುತ್ತದೆ ಎಂದು ತಿಳಿಯದೆ ಮೇಲೆ ಇನ್ನೊಂದು ಚಮಚ ಉಪ್ಪು ಬಿದ್ದಿತ್ತು. ಅತ್ತೆ ಬಹಳ ಹೊತ್ತು ಅಗಿದರು. ನುಂಗಿದರು. ಆಮೇಲೆ ಹೇಳಿದರು: "ಸಂದಾಗೈತೆ ಕಣ್ಲಾ ನಂಜುಂಡ. ಇನ್ನೊಂಚೂರು ಹಾಕು."

ಇನ್ನೊಂಚೂರು! ಇಪ್ಪತ್ನಾಲ್ಕು ವರ್ಷದಲ್ಲಿ ನನ್ನ ಪಲ್ಯದ ಪಾತ್ರೆ ಕೇಳಿಸಿಕೊಳ್ಳದ ಪದ ಅದು. ಅಷ್ಟಕ್ಕೇ ನಿಲ್ಲಲಿಲ್ಲ. ಊಟವಾದ ಮೇಲೆ ಅತ್ತೆ ಕುಣಿಗಲ್ಲಿಗೆ ಫೋನು ಮಾಡಿಸಿ, "ನಿಮ್ಮಣ್ಣ ಚೈನಾ ಪಲ್ಯ ಮಾಡವ್ನೆ ಕಣೇ, ನೀ ತಂದಿದ್ದ ಕಾಯಲ್ಲಿ" ಎಂದು ಮಗಳಿಗೆ ವರದಿ ಒಪ್ಪಿಸಿದರು. ನಾದಿನಿ ಆ ಕಡೆಯಿಂದ "ಅತ್ಗೆ ಎಷ್ಟ್ ಲಕ್ಕಿ!" ಅಂದದ್ದು ಸ್ಪೀಕರಿನಲ್ಲಿ ಕೇಳಿಸಿತು. ಒಂದೇ ದಿನಕ್ಕೆ ನಾನು ಎರಡನೆಯ ಸಲ ಭಾಗ್ಯವಂತೆಯಾದೆ.

ನಾನು ತಡೆದುಕೊಳ್ಳಲಿಲ್ಲ. ಅಡುಗೆಮನೆಯಲ್ಲಿ ಅವರನ್ನು ನಿಲ್ಲಿಸಿಕೊಂಡು, ಪರೀಕ್ಷೆಯ ಪೇಪರು ತಿದ್ದುವಂತೆ ತಿದ್ದಿದೆ. "ಉಪ್ಪು ನೋಡಿದ್ರಾ? ಕಾಯಿ ಬೆಂದಿದೆಯಾ? ಗೋಡೆ ನೋಡಿ, ಎಣ್ಣೆ ಅಭಿಷೇಕ ಆಗಿದೆ. ಒಂದು ಪಲ್ಯಕ್ಕೆ ಏಳು ಪಾತ್ರೆ! ನೂರಕ್ಕೆ ಹನ್ನೆರಡು ಮಾರ್ಕ್ಸು. ಗ್ರೇಸ್ ಕೊಟ್ರೂ ಪಾಸಾಗಲ್ಲ!" ನನ್ನ ದನಿ ಎಷ್ಟು ಏರಿತ್ತೆಂದರೆ ಪಕ್ಕದ ಮನೆಯ ಕುಕ್ಕರು ಕೂಡ ಕೂಗುವುದನ್ನು ನಿಲ್ಲಿಸಿತು. ಅವರು ಹೆಗಲ ಮೇಲಿನ ಟವಲ್ ತೆಗೆದು ಫ್ರಿಜ್ಜಿನ ಹಿಡಿಗೆ ನೇತುಹಾಕಿದರು. "ಸರಿ ಬಿಡು. ಇನ್ಮೇಲೆ ಈ ಕಡೆ ಬರಲ್ಲ" ಎಂದು ಹೋಗಿ ಟಿ.ವಿ. ಮುಂದೆ ಕೂತರು. ಗೆದ್ದೆ ಎನಿಸಿತು. ಆಮೇಲೆ ಗೆದ್ದವಳೇ ಏಳು ಪಾತ್ರೆ ತೊಳೆದಳು.

ಮಧ್ಯಾಹ್ನ ಅತ್ತೆಯ ಕಣ್ಣಿಗೆ ಡ್ರಾಪ್ಸ್ ಹಾಕುವ ಹೊತ್ತು. ಅವರು ಅಂಗಾತ ಮಲಗಿ ಕಣ್ಣು ಬಿಟ್ಟಿದ್ದರು, ನನ್ನ ಕೈಯಲ್ಲಿ ಬಾಟಲಿಯಿತ್ತು. ಅತ್ತೆಯನ್ನು ಪ್ರಶ್ನೆ ಕೇಳಲು ಇದಕ್ಕಿಂತ ಒಳ್ಳೆಯ ಭಂಗಿ ಯಾವ ಸೊಸೆಗೂ ಸಿಕ್ಕಿರಲಾರದು.

"ಅತ್ತೆ, ನಿಜ ಹೇಳಿ. ಅದು ಚೆನ್ನಾಗಿತ್ತಾ?"

"ಎಲ್ಲಿ ಸಂದಾಗಿತ್ತು? ಬಾಯೆಲ್ಲಾ ಉಪ್ಪು. ಆಗ್ಲಿಂದ ನೀರೇ ಕುಡೀತಾ ಇವ್ನಿ."

ಬಾಟಲಿ ನನ್ನ ಕೈಯಲ್ಲೇ ನಿಂತಿತು. "ಮತ್ತೆ ಇನ್ನೊಂಚೂರು ಹಾಕು ಅಂದ್ರಲ್ಲ?"

"ನಿಮ್ಮಾವ ಒಂದ್ಸಲ ನಂಗೆ ಜ್ವರ ಬಂದಾಗ ಉಪ್ಪಿಟ್ಟು ಮಾಡ್ಕೊಂಡ್ ಬಂದಿದ್ರು ಕಣವ್ವ. ಗಂಟ್ ಗಂಟಾಗೈತೆ ಅಂದ್ಬುಟ್ಟೆ. ಅಷ್ಟೇಯ. ಸಾಯೋಗಂಟ ಒಲೆ ತಾವ್ಕೆ ಬರ್ನಿಲ್ಲ. ಆ ಒಂದ್ ಮಾತ್ಗೆ ಅವ್ರ ಜೀವ ಇರೋವರ್ಗೂ ನಾನೇ ಬೇಯ್ಸಾಕ್ದೆ." ಅತ್ತೆ ರೆಪ್ಪೆ ಬಡಿದರು. "ಇವ್ನು ಇನ್ನೆಲ್ಡು ವರ್ಷಕ್ಕೆ ರಿಟೇರ್ ಆಯ್ತಾನೆ. ನೀನಿನ್ನೂ ರೈಲತ್ತಿ ಇಸ್ಕೂಲ್ಗೆ ಓಡಾಡ್ತಿರ್ತೀಯ. ಆಗ ಬೇಯ್ಸೋರ್ಯಾರು? ನಿಂಗೋಸ್ಕರ ನಾನು ಆ ಉಪ್ಪು ನುಂಗಿದ್ರೆ, ನೀನೋಗಿ ಹನ್ನೆಲ್ಡು ಮಾರ್ಕ್ಸ್ ಕೊಟ್ಟು ಬಂದೆ!"

ಕಣ್ಣಿಗೆ ಔಷಧಿ ಬಿಟ್ಟೆ. ಆದರೂ ಬಂದ ಅವಕಾಶ ಬಿಡಬಾರದೆಂದು ಕೇಳಿಯೇಬಿಟ್ಟೆ: "ನನ್ನ ಪಲ್ಯಕ್ಕೆ ಒಂದು ಸಲನಾದ್ರೂ ಚೆನ್ನಾಗಿದೆ ಅಂದಿದೀರಾ?"

"ಸಂದಾಗಿಲ್ದಿದ್ರೆ ತಿಂತಾ ಇರ್ನಿಲ್ಲ ಬುಡು," ಎಂದು ಅತ್ತೆ ಕೆನ್ನೆಗಿಳಿದ ಔಷಧಿ ಒರೆಸಿಕೊಂಡರು. "ನೀನೆಲ್ಲಿ ಒಲೆ ಬಿಟ್ಟು ಓಡೋಯ್ತಿದ್ದೆ? ಹೊಗಳೋದು ಓಡೋಗೋರ್ನ ಕಣವ್ವ."

ಋಣವನ್ನು ಋಣದಿಂದ ಗುಣಿಸಿದರೆ ಧನ ಬರುತ್ತದೆ ಎಂದು ಪ್ರತಿ ವರ್ಷ ಒಂಬತ್ತನೇ ಕ್ಲಾಸಿಗೆ ಹೇಳಿಕೊಡುತ್ತೇನೆ. ಆ ಲೆಕ್ಕದಲ್ಲಿ, ಎರಡು "ಇಲ್ಲ"ಗಳನ್ನು ಗುಣಿಸಿ ಅತ್ತೆ ನನಗೆ ಕೊಟ್ಟದ್ದು ಹೊಗಳಿಕೆಯೇ. ಕೋಪ ಇಳಿಯಬೇಕಿತ್ತು. ಇಳಿಯಲಿಲ್ಲ, ಹೆಚ್ಚಾಯಿತು. ನಿಂತಲ್ಲಿ ನಿಂತವಳಿಗೆ ಹೊಗಳಿಕೆಯಿಲ್ಲ, ಓಡಿ ಹೋಗುವವನಿಗೆ ಆರತಿ! ಮಾರನೆಯ ದಿನ ರೈಲಿನಲ್ಲಿ, ನನ್ನ ಜೊತೆ ದಿನಾ ಗುಬ್ಬಿಗೆ ಬರುವ ಸರೋಜಾ ಮೇಡಂ ಹತ್ತಿರ ಇದನ್ನೇ ಹೇಳಿ ಕುದಿದೆ. ಮಡಿಲಲ್ಲಿ ಪೇಪರು ಹಾಸಿಕೊಂಡು ಸಂಜೆಯ ಸಾರಿಗೆ ಸೊಪ್ಪು ಬಿಡಿಸುತ್ತಿದ್ದ ಅವರು, "ಸುಮ್ನಿರಿ ಮೇಡಂ. ನಿಮ್ಮತ್ತೆ ಹೇಳಿದ್ದು ಸರಿಯಾಗೇ ಇದೆ. ನಮ್ಮನೆಯವರ ಕೈಲಿ ಒಂದು ಲೋಟ ಟೀ ಮಾಡ್ಸೋಕೆ ನಂಗೆ ಹನ್ನೊಂದು ವರ್ಷ ಹಿಡೀತು. ಈಗ್ಲೂ ಸಕ್ಕರೆ ಹಾಕಲ್ಲ. ನಾನೂ ಕೇಳಲ್ಲ" ಅಂದರು. ನನ್ನ ಪರವಾಗಿ ಕೋಪ ಮಾಡಿಕೊಳ್ಳಲು ಆ ಬೋಗಿಯಲ್ಲಿ ಒಬ್ಬರೂ ಸಿಗಲಿಲ್ಲ.

ಗುರುವಾರದ ಹೊತ್ತಿಗೆ ಸೋತೆ. ಅವರು ಪೇಪರು ಓದುತ್ತಿದ್ದಾಗ ಮೆಲ್ಲಗೆ ಕೇಳಿದೆ, "ಭಾನುವಾರ ಆ ಚೈನೀಸ್ ಮತ್ತೆ ಮಾಡ್ತೀರಾ?"

"ಫೇಲಾದವನ ಕೈಲಿ ಯಾಕೆ ಮಾಡಿಸ್ತೀಯ?"

"ರೀವ್ಯಾಲ್ಯುಯೇಷನ್ ಮಾಡಿದೀನಿ. ಐವತ್ತೆರಡು ಬಂದಿದೆ."

"ನಾನು ಅರ್ಜಿನೇ ಹಾಕಿರ್ಲಿಲ್ವಲ್ಲ" ಎಂದರೂ ಪೇಪರಿನ ಹಿಂದೆ ನಕ್ಕದ್ದು ಕಾಣಿಸಿತು.

ಎರಡನೆಯ ಭಾನುವಾರ ಉಪ್ಪು ಕಡಿಮೆಯಾಗಿತ್ತು, ಆದರೆ ಬೆಳ್ಳುಳ್ಳಿ ಸೀದು ಕಹಿಯಾಗಿತ್ತು. "ನಿಜವಾಗ್ಲೂ ಚೆನ್ನಾಗಿದೆ" ಎಂದು ಹಲ್ಲು ಕಚ್ಚಿಕೊಂಡು ಹೇಳಿದೆ. ಸಾಲದ್ದಕ್ಕೆ ನಕ್ಕೆ. ಒಳಗೆ ಏನು ಕುದಿಯುತ್ತಿತ್ತೆಂದು ನನಗೊಬ್ಬಳಿಗೇ ಗೊತ್ತು. ಮೂರನೆಯ ಭಾನುವಾರ ಪವಾಡ ನಡೆಯಿತು. ಅವರು ಒಂದೊಂದೇ ಹಿಡಿ ಕಾಯಿ ಹಾಕಿ, ಉರಿ ಹದವಾಗಿಟ್ಟು, ಮೈಯೆಲ್ಲ ಸುಕ್ಕಾಗುವ ತನಕ ಹುರಿದರು. ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂದ ಕೂಡಲೇ ಸಾಸ್ ಹಾಕಿ ಇಳಿಸಿದರು. ಒಂದು ಕಾಯಿ ಬಾಯಿಗೆ ಹಾಕಿಕೊಂಡೆ. ಹೊರಗೆ ಗರಿ, ಒಳಗೆ ರಸ. ಖಾರ, ಹುಳಿ, ಸಣ್ಣಗೆ ಒಂದು ಸಿಹಿ. ಕೋಪ ಮರೆತು ಹೋಯಿತು. "ರೀ, ತುಂಬಾ ಚೆನ್ನಾಗಿದೆ!" ಅಂದೆ, ಮನಸಾರೆ.

ಅವರು ಸಟ್ಟುಗ ಕೆಳಗಿಟ್ಟು ನನ್ನ ಮುಖ ನೋಡಿದರು. "ಯಾಕೆ, ಇವತ್ತೇನು ಕೆಟ್ಟಿದೆ?"

"ಇಲ್ಲಾರೀ, ನಿಜವಾಗ್ಲೂ."

"ಹೋದ ವಾರಾನೂ ನಿಜವಾಗ್ಲೂ ಅಂದೆ. ರಾತ್ರಿ ಡಬ್ಬಿ ತೊಳೆಯುವಾಗ ಎಲ್ಲಾ ಕಸಕ್ಕೆ ಸುರಿದಿದ್ದು ನೋಡಿದೀನಿ." ಅವರು ಹಾಲ್‌ನಲ್ಲಿ ಕೂತಿದ್ದ ಅತ್ತೆಯ ಕಡೆ ತಿರುಗಿ, "ಅವ್ವ, ನೀನೇ ಹೇಳು" ಎಂದು ಒಂದು ತಟ್ಟೆಯಲ್ಲಿ ಕೊಟ್ಟರು. ಅತ್ತೆ ಮೊದಲ ದಿನದ ಅದೇ ರಾಗದಲ್ಲಿ "ಸಂದಾಗೈತೆ ಕಣ್ಲಾ" ಅಂದರು. ಅಲ್ಲಿಗೆ ಮುಗಿಯಿತು. "ಇಬ್ರೂ ಸೇರ್ಕೊಂಡಿದೀರಾ. ಏನೋ ಕಮ್ಮಿ ಆಗಿದೆ" ಎನ್ನುತ್ತ ಅವರು ಸೋಯಾ ಸಾಸಿನ ಬಾಟಲಿಯ ಮುಚ್ಚಳ ತಿರುಗಿಸಿದರು.

ಇಪ್ಪತ್ನಾಲ್ಕು ವರ್ಷದ ಸಿಟ್ಟು ಒಟ್ಟಿಗೆ ನೆತ್ತಿಗೇರಿತು. ಸುಳ್ಳು ಹೇಳಿದಾಗ ನಂಬಿದ ಮನುಷ್ಯ ನಿಜ ಹೇಳಿದಾಗ ನಂಬುವುದಿಲ್ಲ! "ಮುಟ್ಟಿದ್ರೆ ನೋಡಿ!" ಎಂದು ಬಾಣಲೆಯನ್ನು ಮಸಿಬಟ್ಟೆ ಸಮೇತ ಕಿತ್ತುಕೊಂಡು ಹಿತ್ತಲಿಗೆ ಹೋಗಿ, ಒಗೆಯುವ ಕಲ್ಲಿನ ಮೇಲೆ ಕೂತು ತಿನ್ನತೊಡಗಿದೆ. ಅವರಿಗೆ ಬುದ್ಧಿ ಕಲಿಸಲು ನಾಲ್ಕು ತಿನ್ನೋಣ ಎಂದುಕೊಂಡದ್ದು, ತಳದ ಬೆಳ್ಳುಳ್ಳಿಯನ್ನು ಉಗುರಿನಲ್ಲಿ ಕೆರೆಯುವ ತನಕ ನಿಲ್ಲಲಿಲ್ಲ. ತಲೆ ಎತ್ತಿದಾಗ ಬಾಗಿಲಲ್ಲಿ ಅವರು ನಿಂತಿದ್ದರು, ಅವರ ಹಿಂದೆ ಕಪ್ಪು ಕನ್ನಡಕದ ಅತ್ತೆ, ಕಾಂಪೌಂಡಿನಾಚೆ ಆಂಟಿ. ಖಾಲಿ ಬಾಣಲೆ ನೋಡಿ ಅವರ ಮುಖ ಅರಳಿತು. ಈಗ ನಂಬಿಕೆ ಬಂದಿತ್ತು.

"ನೋಡಿ ಆಂಟಿ," ಅಂದರು, "ನಮ್ಮವ್ಳಿಗೆ ನನ್ನ ಚೈನೀಸ್ ಅಂದ್ರೆ ಅಷ್ಟು ಪ್ರಾಣ. ನನ್ನ ಹೆತ್ತ ತಾಯಿಗೂ ಊಟಕ್ಕೆ ಒಂದು ತುಂಡು ಉಳಿಸ್ಲಿಲ್ಲ." ಅತ್ತೆ "ಹೋಗ್ಲಿ ಬುಡ್ಲಾ, ನಾನು ಮೊಸರಲ್ಲಿ ಉಣ್ತೀನಿ" ಎಂದು ಎಲ್ಲರಿಗೂ ಕೇಳಿಸುವಂತೆ ನಿಟ್ಟುಸಿರು ಬಿಟ್ಟರು. ನಾನು ಇದು ಕೋಪ, ಆಸೆಬುರುಕುತನ ಅಲ್ಲ ಎಂದು ಮೂವರಿಗೂ ಸರಿಯಾಗಿ ಹೇಳಬೇಕೆಂದು ಬಾಯಿ ತೆರೆದೆ. ಆದರೆ ಬಾಯಿ ತುಂಬ ಹುರುಳಿಕಾಯಿ ಇತ್ತು.